ಉಂಗುರವೋ ಕುಂಬಳಕಾಯಿಯೋ

(ಶಿಡ್ಲಘಟ್ಟದಲ್ಲಿ ಒಂದು ಭಾನುವಾರ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಪದವೀಧರರ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ, ಒಂದು ಸಲ ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚೇ ಇದೆ. ನಾನೂ ಹುಳು ಸಾಕುವ ಮನೆಯಲ್ಲೇ ಬೆಳೆದವಳು. ಹಾಗಾಗಿ ವಾದದಲ್ಲಿ ಸಾಕ್ಷ್ಯವನ್ನು ತೂಗುವುದು ಹೇಗೆ ಅನ್ನುವ ಇವತ್ತಿನ ವಿಷಯವನ್ನು ಇಂಗ್ಲಿಷ್ ಗೈಡಿನಿಂದ ಶುರು ಮಾಡುವುದಿಲ್ಲ, ನಮ್ಮ ಹುಳುಮನೆಯ ಬಾಗಿಲಿನಿಂದ ಶುರು ಮಾಡುತ್ತೇನೆ.

ಆ ಬಾಗಿಲು ದಾಟಿ ಹೊರಗಿನವರು ಯಾರೂ ಒಳಗೆ ಬರುವಂತಿರಲಿಲ್ಲ. ಅದು ಅಮ್ಮನ ಕಟ್ಟಪ್ಪಣೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಭರಭರನೆ ಸೊಪ್ಪು ತಿನ್ನುತ್ತಿದ್ದ ಹೊತ್ತಿಗೆ ಪಕ್ಕದೂರಿನ ನಮ್ಮ ಚಿಕ್ಕಮ್ಮ ಬಂದರು. ಅವರ ಮನೆಯ ಬೆಳೆ ಆ ವಾರವಷ್ಟೇ ಕೆಟ್ಟಿತ್ತು. ಬೇಡ ಅನ್ನಲಾಗದೆ ಅಮ್ಮ ಒಳಗೆ ಬಿಟ್ಟರು. ಚಿಕ್ಕಮ್ಮ ತಟ್ಟೆಗಳನ್ನೆಲ್ಲ ನೋಡಿ, "ಎಷ್ಟು ಚೆನ್ನಾಗಿ ಬಂದಿದೆ ಅಕ್ಕ" ಅಂದರು. ಐದನೇ ದಿನಕ್ಕೆ ಹುಳು ಸೊಪ್ಪು ಬಿಟ್ಟವು. ಆ ಬೆಳೆಯಲ್ಲಿ ಗೂಡು ಕೈಗೆ ಬರಲಿಲ್ಲ. ಅವತ್ತಿನಿಂದ ಅಮ್ಮನಿಗೆ ಒಂದೇ ಮಾತು: ದೃಷ್ಟಿ ತಾಕಿತು.

ಅಮ್ಮ ನೋಡಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹೊರಗಿನವರು ಬಂದರು, ಬೆಳೆ ಹೋಯಿತು. ಬೇರೆ ಮನೆಗಳಲ್ಲೂ ಹೀಗಾದದ್ದನ್ನು ಅವರು ಕಂಡಿದ್ದರು. ಸಾಕ್ಷ್ಯ ಗಟ್ಟಿಯಾಗಿಯೇ ಇತ್ತು. ಆದರೆ ಆ ಸಾಕ್ಷ್ಯ ಎರಡು ಕಥೆಗಳಿಗೂ ಒಂದೇ ಥರ ಹೊಂದುತ್ತಿತ್ತು. ಒಂದು ಕಥೆ, ಚಿಕ್ಕಮ್ಮನ ಕಣ್ಣು ಬಿತ್ತು ಅನ್ನುವುದು. ಇನ್ನೊಂದು, ರೋಗ ಬಿದ್ದ ಮನೆಯಿಂದ ಬಂದವರ ಕಾಲಿನಲ್ಲಿ, ಸೀರೆಯ ಅಂಚಿನಲ್ಲಿ ಸೋಂಕು ಬಂತು ಅನ್ನುವುದು. ರೇಷ್ಮೆ ಇಲಾಖೆಯವರು ಬಂದು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿದ ಗೋಣಿಚೀಲವನ್ನು ಹೊಸ್ತಿಲ ಬಳಿ ಹಾಸಿ, ಅದರ ಮೇಲೆ ಕಾಲಿಟ್ಟೇ ಒಳಗೆ ಬನ್ನಿ ಅಂದಾಗ ಅವರ ತಲೆಯಲ್ಲಿ ಇದ್ದದ್ದು ಈ ಎರಡನೇ ಕಥೆ.

ಎರಡರಲ್ಲಿ ಯಾವುದು ಸರಿ ಅಂತ ತಿಳಿಯುವುದು ಹೇಗೆ? "ಹೊರಗಿನವರು ಬಂದಾಗ ಬೆಳೆ ಕೆಟ್ಟ" ಇನ್ನೂ ಹತ್ತು ಉದಾಹರಣೆ ಕೂಡಿಸಿದರೆ ಏನೂ ಉಪಯೋಗವಿಲ್ಲ. ಆ ಹತ್ತೂ ಎರಡು ಕಥೆಗಳಿಗೆ ಸಮನಾಗಿ ಸಲ್ಲುತ್ತವೆ. ಬೇಕಾದದ್ದು ಎರಡು ಕಥೆಗಳು ಬೇರೆ ಬೇರೆ ಉತ್ತರ ಕೊಡುವ ಜಾಗ. ಉದಾಹರಣೆಗೆ ಕಿಟಕಿ. ದೃಷ್ಟಿಯಾದರೆ ಕಿಟಕಿಯಾಚೆ ನಿಂತು ನೋಡಿದರೂ ತಾಕಬೇಕು. ಸೋಂಕಾದರೆ ಒಳಗೆ ಕಾಲಿಟ್ಟರೆ ಮಾತ್ರ ತಾಗಬೇಕು. ಕಿಟಕಿಯಿಂದ ನೋಡಿ ಹೋದವರ ಲೆಕ್ಕ ಸಿಕ್ಕರೆ ಆ ಒಂದು ಲೆಕ್ಕ ಹಳೆಯ ನೂರು ಉದಾಹರಣೆಗಿಂತ ಹೆಚ್ಚು ತೂಗುತ್ತದೆ.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ. ಸಾಕ್ಷ್ಯಕ್ಕೆ ತನ್ನಷ್ಟಕ್ಕೆ ತೂಕವಿಲ್ಲ. ಎರಡು ಕಥೆಗಳ ನಡುವೆ ಇಟ್ಟಾಗ ಅದು ಯಾವ ಕಡೆ ವಾಲುತ್ತದೆ ಅನ್ನುವುದೇ ಅದರ ತೂಕ. ಯಾವ ಕಡೆಗೂ ವಾಲದಿದ್ದರೆ ಅದು ಎಷ್ಟೇ ನಿಜವಾಗಿರಲಿ, ಎಷ್ಟೇ ದೊಡ್ಡದಾಗಿ ಕಾಣಲಿ, ಆ ಪ್ರಶ್ನೆಗೆ ಅದು ಸಾಕ್ಷ್ಯವೇ ಅಲ್ಲ.

ಯಾವ ಯಾವ ಪರೀಕ್ಷೆಯಲ್ಲಿ ಇದು ಬರುತ್ತದೆ ಅಂತ ಬೇಗ ಹೇಳಿ ಮುಗಿಸುತ್ತೇನೆ. ಎಂಬಿಎಗೆ ಬರೆಯುವ ಜಿಮ್ಯಾಟ್‌ನ ವರ್ಬಲ್ ಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಅದರಲ್ಲಿ ಒಂದು ಪಾಲು ಕ್ರಿಟಿಕಲ್ ರೀಸನಿಂಗ್, ಅಂದರೆ ವಾದಗಳನ್ನು ಅಳೆಯುವುದು. ಅಮೆರಿಕದ ಕಾನೂನು ಕಾಲೇಜುಗಳ ಎಲ್‌ಸ್ಯಾಟ್ ಪರೀಕ್ಷೆಯಿಂದ 2024ರ ಆಗಸ್ಟ್‌ನಲ್ಲಿ ಲಾಜಿಕ್ ಗೇಮ್ಸ್ ಎಂಬ ಒಗಟಿನ ಭಾಗವನ್ನು ತೆಗೆದುಹಾಕಿದ ಮೇಲೆ ಅಲ್ಲಿ ವಾದಗಳನ್ನು ಅಳೆಯುವ ಪ್ರಶ್ನೆಗಳದ್ದೇ ಹೆಚ್ಚಿನ ಪಾಲು. ನಮ್ಮ ದೇಶದ ಕಾನೂನು ಕಾಲೇಜುಗಳ ಕ್ಲ್ಯಾಟ್‌ನಲ್ಲಿ 2 ಗಂಟೆಗೆ 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಲಾಜಿಕಲ್ ರೀಸನಿಂಗ್ ಅಲ್ಲೊಂದು ವಿಭಾಗವೇ ಆಗಿದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ ಸಿಸ್ಯಾಟ್ 2011ರಲ್ಲಿ ಬಂತು, 2015ರಿಂದ ಶೇ 33 ಅಂಕ ಪಡೆದರೆ ಸಾಕು. ಆ ಶೇ 33 ಸಿಗದೆ ಮನೆಗೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಬ್ಯಾಂಕ್ ಪರೀಕ್ಷೆಗಳಲ್ಲಿ ಇದೇ ವಿಷಯ "ಈ ವಾದ ಬಲವಾದದ್ದೋ ದುರ್ಬಲವೋ" ಅನ್ನುವ ವೇಷದಲ್ಲಿ ಬರುತ್ತದೆ. ವಾದವನ್ನು ಬಲಪಡಿಸು, ದುರ್ಬಲಗೊಳಿಸು, ಅದರೊಳಗಿನ ಊಹೆ ಯಾವುದು ಹೇಳು, ಅಳೆಯಲು ಯಾವ ಮಾಹಿತಿ ಬೇಕು ಹೇಳು. ಗೈಡುಗಳು ಇವನ್ನು ನಾಲ್ಕು ಅಧ್ಯಾಯ ಮಾಡುತ್ತವೆ. ನನ್ನ ಪ್ರಕಾರ ನಾಲ್ಕೂ ಒಂದೇ ಕೆಲಸ. ಎರಡನೇ ಕಥೆ ಹುಡುಕಬೇಕು, ಅಷ್ಟೇ.

ನಮ್ಮ ಜಿಲ್ಲೆಯವರೇ ಒಬ್ಬರು ಈ ಕೆಲಸವನ್ನು ಬದುಕಿಡೀ ಮಾಡಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರು. ಓದಬೇಕೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ, ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ವಿಶ್ವವಿದ್ಯಾಲಯದಲ್ಲೇ ಒಂದು ಸಮಿತಿ ಮಾಡಿದರು. ಬರಿಗೈಯಿಂದ ಉಂಗುರ ತೆಗೆದು ಕೊಡುವವರ ಬಗ್ಗೆ ಅವರು ಕೇಳಿದ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಉಂಗುರವೇ ಯಾಕೆ, ಒಂದು ಕುಂಬಳಕಾಯಿ ಸೃಷ್ಟಿಸಲಿ ಅಂದರು.

ಈ ಮಾತು ಕೇಳಿ ಜನ ನಗುತ್ತಿದ್ದರು. ನಾನು ಮಾತ್ರ ಇದನ್ನು ನನ್ನ ತರಗತಿಯ ಮೊದಲ ಪಾಠ ಮಾಡಿಕೊಂಡಿದ್ದೇನೆ. ಉಂಗುರ ಶೂನ್ಯದಿಂದ ಬಂದಿದ್ದರೂ ಕೈಯಲ್ಲಿ ಕಾಣುತ್ತದೆ, ಬೆರಳ ಸಂದಿಯಲ್ಲಿ ಬಚ್ಚಿಟ್ಟಿದ್ದರೂ ಕೈಯಲ್ಲಿ ಕಾಣುತ್ತದೆ. ಎರಡು ಕಥೆ, ಒಂದೇ ಉಂಗುರ. ಹಾಗಾಗಿ ಸಾವಿರ ಉಂಗುರ ಬಂದರೂ ಏನೂ ತೀರ್ಮಾನವಾಗುವುದಿಲ್ಲ. ಕುಂಬಳಕಾಯಿಯನ್ನು ಬೆರಳ ಸಂದಿಯಲ್ಲಿ ಬಚ್ಚಿಡಲಾಗದು. ಅಲ್ಲಿ ಎರಡು ಕಥೆಗಳ ದಾರಿ ಬೇರೆಯಾಗುತ್ತದೆ. ಪರೀಕ್ಷೆಯಲ್ಲಿ ಐದು ಆಯ್ಕೆಗಳು ಎದುರಿಗಿದ್ದಾಗ ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಬರೆದುಕೊಳ್ಳಿ: ಇದು ಉಂಗುರವೋ, ಕುಂಬಳಕಾಯಿಯೋ?

ಒಂದು ಪ್ರಶ್ನೆ ಮಾಡಿ ನೋಡೋಣ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ, ನಾವು ಎಚ್.ಎನ್. ವ್ಯಾಲಿ ಅನ್ನುವುದು, ನಿಮಗೆಲ್ಲ ಗೊತ್ತಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ನಮ್ಮ ಕಡೆಯ ಕೆರೆಗಳಿಗೆ ಹರಿಸುವ ಯೋಜನೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಆ ನೀರು ಬಂದಿದೆ. ಈಗ ವಾದ ಕೇಳಿ: "ಎಚ್.ಎನ್. ವ್ಯಾಲಿ ನೀರು ಬಂದ ಮೇಲೆ ಒಂದು ಊರಿನ ಕೆರೆ ತುಂಬಿತು. ಎರಡು ವರ್ಷದಲ್ಲಿ ಆ ಊರಿನ ಬೋರ್‌ವೆಲ್‌ಗಳಲ್ಲಿ ನೀರಿನ ಮಟ್ಟ ಏರಿತು. ಆದ್ದರಿಂದ ಮಟ್ಟ ಏರಲು ಕಾರಣ ಕೆರೆಗೆ ಬಂದ ಸಂಸ್ಕರಿತ ನೀರು." ಈ ವಾದವನ್ನು ಅಳೆಯಲು ಯಾವುದು ತಿಳಿದರೆ ಹೆಚ್ಚು ಉಪಯೋಗ? ಮೊದಲನೆಯದು, ಯೋಜನೆಗೆ ಎಷ್ಟು ಖರ್ಚಾಯಿತು. ಎರಡನೆಯದು, ಆ ನೀರು ಕುಡಿಯಲು ಯೋಗ್ಯವೇ. ಮೂರನೆಯದು, ಅಷ್ಟೇ ಮಳೆ ಬಿದ್ದು ಈ ನೀರು ಬಾರದ ಪಕ್ಕದ ಊರುಗಳ ಬೋರ್‌ವೆಲ್‌ಗಳಲ್ಲೂ ಮಟ್ಟ ಅಷ್ಟೇ ಏರಿತೇ. ನಾಲ್ಕನೆಯದು, ಆ ಊರಿನಲ್ಲಿ ಒಟ್ಟು ಎಷ್ಟು ಬೋರ್‌ವೆಲ್‌ಗಳಿವೆ. ಐದನೆಯದು, ರೈತರು ಯೋಜನೆಯನ್ನು ಒಪ್ಪಿಕೊಂಡರೇ.

ಎರಡನೆಯದಕ್ಕೆ ಕೈ ಎತ್ತಿದವರು ಬಹಳ ಜನ. ಯಾಕೆ ಎತ್ತಿದಿರಿ ಅಂತ ನನಗೆ ಅರ್ಥವಾಗುತ್ತದೆ. ಮೂರನೇ ಹಂತದ ಸಂಸ್ಕರಣೆ ಬೇಕು ಅಂತ ಈ ಭಾಗದಲ್ಲಿ ಹೋರಾಟವೇ ನಡೆದಿದೆ. ನಮ್ಮ ಹೊಲಕ್ಕೆ, ನಮ್ಮ ಹಸುವಿಗೆ, ನಮ್ಮ ಕುಡಿಯುವ ನೀರಿಗೆ ಸಂಬಂಧಪಟ್ಟ ಪ್ರಶ್ನೆ ಅದು. ಆದರೆ ವಾದ ಹೇಳುತ್ತಿರುವುದು ಮಟ್ಟ ಯಾಕೆ ಏರಿತು ಅನ್ನುವುದನ್ನು ಮಾತ್ರ. ನೀರು ಕುಡಿಯಲು ಯೋಗ್ಯ ಅಂತ ಉತ್ತರ ಬಂತು ಅನ್ನಿ, ಮಟ್ಟ ಏರಿದ ಕಾರಣ ಬದಲಾಯಿತೇ? ಇಲ್ಲ. ಯೋಗ್ಯವಲ್ಲ ಅಂತ ಬಂತು ಅನ್ನಿ, ಈಗ ಬದಲಾಯಿತೇ? ಇಲ್ಲ. ಹೌದು ಅಂದರೂ ಇಲ್ಲ ಅಂದರೂ ತೀರ್ಮಾನ ಇದ್ದಲ್ಲೇ ಇದೆ. ಅದು ಉಂಗುರ.

ಮೂರನೆಯದನ್ನು ಹೀಗೇ ಮಾಡಿ. 2021ರ ನವೆಂಬರಿನಲ್ಲಿ ಸುರಿದ ಮಳೆ ನಿಮಗೆ ನೆನಪಿದೆ, ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ಅಂಥ ಮಳೆ ಎರಡನೇ ಕಥೆ. ಯೋಜನೆಯ ನೀರು ಬಾರದ ಊರಲ್ಲೂ ಮಟ್ಟ ಅಷ್ಟೇ ಏರಿದೆ ಅಂತಾದರೆ, ಶ್ರೇಯಸ್ಸು ಮಳೆಯ ಕಡೆ ವಾಲುತ್ತದೆ. ಅಲ್ಲಿ ಏರಿಲ್ಲ ಅಂತಾದರೆ ಕೆರೆಗೆ ಬಂದ ನೀರಿನ ಕಡೆ ವಾಲುತ್ತದೆ. ಒಂದೇ ಪ್ರಶ್ನೆಯ ಎರಡು ಉತ್ತರ ತಕ್ಕಡಿಯನ್ನು ಎರಡು ಕಡೆಗೆ ಎಳೆಯುತ್ತದೆ. ಕುಂಬಳಕಾಯಿ ಸಿಕ್ಕಿತು. ಗಮನಿಸಿ, ಯೋಜನೆಯಿಂದ ಲಾಭವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. "ನೀರು ಬಂತು, ಮಟ್ಟ ಏರಿತು" ಅನ್ನುವಷ್ಟರಿಂದಲೇ ಅದು ಸಾಬೀತಾಗುವುದಿಲ್ಲ ಅಂತ ಹೇಳುತ್ತಿದ್ದೇನೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವ ನಮ್ಮ ಹಿರಿಯರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಗಾದೆ ಇದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಹೇಳಿದ್ದನ್ನೆಲ್ಲ ನಂಬುವವರ ಬಗ್ಗೆ ಹುಟ್ಟಿದ ಗಾದೆ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಒಂದು ಜಾಗದಲ್ಲಿ ಎತ್ತು ಈಯಿತು ಅಂದರೆ ಕಟ್ಟಲೇಬೇಕು. ಪ್ರಶ್ನೆಯ ಕೊನೆಯಲ್ಲಿ "ಕೆಳಗಿನವುಗಳಲ್ಲಿ ಯಾವುದು ನಿಜವಾದರೆ" ಅನ್ನುವ ಮಾತಿರುತ್ತದೆ. ಅಂದರೆ ಆಯ್ಕೆಯಲ್ಲಿ ಇರುವುದು ನಿಜ ಅಂತ ನೀವು ಒಪ್ಪಿಕೊಂಡೇ ಮುಂದೆ ಹೋಗಬೇಕು. "ಹೀಗೆಲ್ಲ ಎಲ್ಲಿ ಆಗುತ್ತದೆ" ಅಂತ ಆಯ್ಕೆಯ ಜೊತೆ ಜಗಳಕ್ಕೆ ನಿಲ್ಲಬಾರದು. ನಾನು ಪಾಠ ಮಾಡಿದವರಲ್ಲಿ ತುಂಬಾ ಓದಿಕೊಂಡ ಹುಡುಗರೇ ಇಲ್ಲಿ ಹೆಚ್ಚು ತಪ್ಪು ಮಾಡುವುದನ್ನು ನೋಡಿದ್ದೇನೆ. ಅವರಿಗೆ ವಿಷಯ ಗೊತ್ತಿರುತ್ತದೆ, ಗೊತ್ತಿರುವುದು ಅಡ್ಡ ಬರುತ್ತದೆ. ಆಯ್ಕೆ ನಿಜವೋ ಸುಳ್ಳೋ ನೋಡುವ ಕೆಲಸ ನಿಮ್ಮದಲ್ಲ. ಅದು ನಿಜವಾದರೆ ತೀರ್ಮಾನ ಎಷ್ಟು ಅಲ್ಲಾಡುತ್ತದೆ ಅನ್ನುವುದಷ್ಟೇ ನಿಮ್ಮ ಕೆಲಸ.

ಈಗ ಭಾಷೆಯ ವಿಷಯ. ನಮ್ಮಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್. ಇಂಗ್ಲಿಷ್ ಬಾರದ್ದರಿಂದ ರೀಸನಿಂಗ್ ಬರುವುದಿಲ್ಲ ಅಂತ ಒಬ್ಬ ಹುಡುಗ ನನ್ನ ಹತ್ತಿರ ಅತ್ತಿದ್ದಾನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸಾಕ್ಷ್ಯವನ್ನು ತೂಗಲು ಬೇಕಾದ ತಕ್ಕಡಿ ನಿಮ್ಮ ಕನ್ನಡದ ಕ್ರಿಯಾಪದದಲ್ಲೇ ಇದೆ.

ನಾಲ್ಕು ವಾಕ್ಯ ಕೇಳಿ. "ಚಿಂತಾಮಣಿಯಲ್ಲಿ ಮಳೆ ಬಂತು." "ಚಿಂತಾಮಣಿಯಲ್ಲಿ ಮಳೆ ಬಂತಂತೆ." "ಚಿಂತಾಮಣಿಯಲ್ಲಿ ಮಳೆ ಬಂದಿರಬೇಕು." "ಚಿಂತಾಮಣಿಯಲ್ಲಿ ಮಳೆ ಬಂದೀತು." ಮೊದಲನೆಯದನ್ನು ಹೇಳಿದವನು ಖಾತರಿಯಿಂದ ಹೇಳುತ್ತಿದ್ದಾನೆ, ಕೇಳಿದರೆ ತಾನೇ ಹೊಣೆ ಹೊರುತ್ತಾನೆ. ಎರಡನೆಯವನು ಯಾರೋ ಹೇಳಿದ್ದನ್ನು ದಾಟಿಸುತ್ತಿದ್ದಾನೆ. ಮೂರನೆಯವನು ತಂಗಾಳಿ ಬೀಸಿದ್ದನ್ನೋ, ಬಸ್ಸಿನ ಚಕ್ರಕ್ಕೆ ಕೆಸರು ಮೆತ್ತಿದ್ದನ್ನೋ ನೋಡಿ ಊಹಿಸಿದ್ದಾನೆ. ನಾಲ್ಕನೆಯದು ಬರೀ ಸಾಧ್ಯತೆ. ಈ ವ್ಯತ್ಯಾಸ ನಮಗೆ ಯಾವ ಗೈಡೂ ಕಲಿಸಲಿಲ್ಲ, ಮಾತು ಕಲಿಯುವಾಗಲೇ ಕಲಿತೆವು. "ಅಂತೆ" ಅನ್ನುವ ಎರಡಕ್ಷರ ಬಿಟ್ಟು ಯಾರಾದರೂ ಗಾಳಿಮಾತನ್ನು ಕಂಡಂತೆ ಹೇಳಿದರೆ, "ನೀನು ನೋಡಿದೆಯಾ?" ಅಂತ ಅಜ್ಜಿ ತಕ್ಷಣ ಕೇಳುತ್ತಿದ್ದರು.

ಇಂಗ್ಲಿಷ್ ಪ್ಯಾರಾ ಓದುವಾಗ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಈ ನಾಲ್ಕರಲ್ಲಿ ಒಂದಕ್ಕೆ ಇಳಿಸಿಕೊಳ್ಳಿ. "ತಜ್ಞರು ನಂಬುತ್ತಾರೆ" ಅಂದರೆ ಅದು ಬಂತಂತೆ. "ಅಧ್ಯಯನವೊಂದು ಸೂಚಿಸುತ್ತದೆ" ಅಂದರೆ ಬಂದಿರಬೇಕು. "ಆಗಬಹುದು" ಅಂದರೆ ಬಂದೀತು. ಈಗ ತೀರ್ಮಾನದ ವಾಕ್ಯ ನೋಡಿ. ಆಧಾರವೆಲ್ಲ ಬಂದಿರಬೇಕು ಅನ್ನುವ ಮಟ್ಟದಲ್ಲಿದ್ದು ತೀರ್ಮಾನ ಮಾತ್ರ ಬಂತು ಅನ್ನುತ್ತಿದ್ದರೆ, ವಾದದ ಬಿರುಕು ಅಲ್ಲೇ ಇದೆ. ಪ್ಯಾರಾದಿಂದ ಏನು ಹೊರಡುತ್ತದೆ ಅಂತ ಕೇಳುವ ಪ್ರಶ್ನೆಗಳಲ್ಲಿ ಸರಿಯುತ್ತರ ಹೆಚ್ಚಾಗಿ ತಗ್ಗಿದ ದನಿಯಲ್ಲೇ ಇರುವುದಕ್ಕೂ ಇದೇ ಕಾರಣ. ಆಧಾರ ಕೊಟ್ಟಷ್ಟೇ ಅದು ಹೇಳುತ್ತದೆ, ಒಂದು ಗೇಣೂ ಮುಂದೆ ಹೋಗುವುದಿಲ್ಲ.

ಆದರೆ ಕನ್ನಡ ಒಂದು ಕಡೆ ನಮಗೆ ಮೋಸ ಮಾಡುತ್ತದೆ. "ಕೆಲವರು ಊಟ ಮಾಡಿದರು" ಅಂದರೆ ಉಳಿದವರು ಮಾಡಲಿಲ್ಲ ಅಂತ ನಾವು ಕೇಳಿಸಿಕೊಳ್ಳುತ್ತೇವೆ. ಪರೀಕ್ಷೆಯಲ್ಲಿ "ಕೆಲವು" ಅಂದರೆ ಕನಿಷ್ಠ ಒಂದು, ಅಷ್ಟೇ. ಎಲ್ಲವೂ ಆಗಿರಬಹುದು. "ಬಹುಪಾಲು" ಅಂದರೆ ಅರ್ಧಕ್ಕಿಂತ ಹೆಚ್ಚು. "ಮಾತ್ರ" ಎಲ್ಲಿ ಕೂತಿದೆ ಅನ್ನುವುದರ ಮೇಲೆ ವಾಕ್ಯವೇ ಬೇರೆಯಾಗುತ್ತದೆ: "ರೈತರಿಗೆ ಮಾತ್ರ ಸಾಲ ಕೊಟ್ಟರು", "ರೈತರಿಗೆ ಸಾಲ ಮಾತ್ರ ಕೊಟ್ಟರು". ಈ ಮೂರು ಪದಗಳ ಕೆಳಗೆ ಗೆರೆ ಎಳೆಯದೆ ಯಾವ ಪ್ಯಾರಾವನ್ನೂ ಓದಬೇಡಿ.

ಬಸ್ ಸ್ಟ್ಯಾಂಡ್ ಹತ್ತಿರ ಕೋಚಿಂಗ್ ಸೆಂಟರುಗಳ ಫ್ಲೆಕ್ಸ್ ನೋಡಿಕೊಂಡೇ ಬಂದಿರುತ್ತೀರಿ. ಅಂಥ ಒಂದು ಮಾತನ್ನು ಕಲ್ಪಿಸಿಕೊಳ್ಳಿ: "ಪಾಸಾದ 50 ಮಂದಿಯಲ್ಲಿ 45 ಮಂದಿ ನಮ್ಮ ಟೆಸ್ಟ್ ಸಿರೀಸ್ ಬರೆದವರು." ನೂರಕ್ಕೆ ತೊಂಬತ್ತು. ಯಾರ ಎದೆಯಾದರೂ ಒಮ್ಮೆ ಜಿಗಿಯುತ್ತದೆ. ಅಪ್ಪನ ಹತ್ತಿರ ಗೂಡು ಮಾರಿದ ದುಡ್ಡು ಕೇಳಿ ಫೀಸ್ ಕಟ್ಟುವ ಮುಂಚೆ ಒಂದು ಲೆಕ್ಕ ಮಾಡೋಣ. ಒಟ್ಟು ಪರೀಕ್ಷೆ ಬರೆದವರು 1000 ಮಂದಿ, ಫೇಲಾದವರು 950 ಮಂದಿ ಅಂತಿಟ್ಟುಕೊಳ್ಳಿ. ಆ 950ರಲ್ಲಿ ಈ ಸಿರೀಸ್ ಬರೆದವರು ಎಷ್ಟು? 855 ಅನ್ನಿ. ಅದೂ ನೂರಕ್ಕೆ ತೊಂಬತ್ತೇ. ಪಾಸಾದವರಲ್ಲೂ ತೊಂಬತ್ತು, ಫೇಲಾದವರಲ್ಲೂ ತೊಂಬತ್ತು. ಸಿರೀಸ್ ಬರೆದರೂ ನೂರಕ್ಕೆ ಐದು ಜನ ಪಾಸು, ಬರೆಯದಿದ್ದರೂ ನೂರಕ್ಕೆ ಐದು ಜನ ಪಾಸು. ಆ ದೊಡ್ಡಕ್ಷರದ ಶೇ 90ಕ್ಕೆ ಒಂದು ಗುಂಡುಪಿನ್ನಿನ ತೂಕವೂ ಇಲ್ಲ. ಆದರೆ ಫೇಲಾದ 950ರಲ್ಲಿ 95 ಮಂದಿ ಮಾತ್ರ ಬರೆದಿದ್ದರೆ? ಆಗ ಬರೆದವರು ಒಟ್ಟು 140, ಅವರಲ್ಲಿ ಪಾಸಾದವರು 45. ಬರೆಯದ 860ರಲ್ಲಿ ಪಾಸಾದವರು ಐದೇ ಮಂದಿ. ಈಗ ಅದೇ ಶೇ 90 ಭಾರಿ ತೂಗುತ್ತದೆ. ಫ್ಲೆಕ್ಸಿನ ಮೇಲಿನ ಸಂಖ್ಯೆ ಎರಡೂ ಸಲ ಒಂದೇ. ತೂಕ ನಿರ್ಧಾರವಾದದ್ದು ಫ್ಲೆಕ್ಸಿನ ಮೇಲೆ ಇಲ್ಲದ ಸಂಖ್ಯೆಯಿಂದ. ಅಲ್ಲಿ ಫೋಟೋ ಇಲ್ಲದವರ ಬಗ್ಗೆ ನನಗೆ ಯಾವಾಗಲೂ ಸಂಕಟವಾಗುತ್ತದೆ, ಅವರನ್ನು ಯಾರೂ ಎಣಿಸುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಗೆದ್ದವರ ಲೆಕ್ಕ ಮಾತ್ರ ಕೊಟ್ಟಿದ್ದರೆ, ಸೋತವರ ಲೆಕ್ಕ ಕೇಳುವ ಆಯ್ಕೆಯನ್ನು ಮೊದಲು ಹುಡುಕಿ.

ಮತ್ತೆ ಹುಳುವಿಗೆ ಬರುತ್ತೇನೆ. ನೀವು ಬಿತ್ತನೆ ಕೋಠಿಯಿಂದ ತರುವ ಮೊಟ್ಟೆಗೆ ರೋಗರಹಿತ ಮೊಟ್ಟೆ ಅನ್ನುತ್ತಾರೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನ ಕೆಳಗೆ ನೋಡಿ, ಗಂಟುರೋಗದ ಕಣ ಇಲ್ಲ ಅಂತ ಖಾತರಿಯಾದ ಮೇಲೆ ಬರುವ ಮೊಟ್ಟೆ ಅದು. ಈ ಪದ್ಧತಿ ಲೂಯಿ ಪಾಶ್ಚರ್‌ನಿಂದ ಬಂದದ್ದು. 1865ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಹುಳು ರಾಶಿರಾಶಿ ಸಾಯುತ್ತಿದ್ದಾಗ ಅವನ ಗುರು ಡ್ಯೂಮಾ ಅವನನ್ನು ಅಲೆಸ್ ಎಂಬ ಊರಿಗೆ ಕಳಿಸಿದ. ಪಾಶ್ಚರ್ ರಸಾಯನಶಾಸ್ತ್ರದವನು, ರೇಷ್ಮೆಹುಳುವನ್ನು ಮುಟ್ಟಿಯೂ ನೋಡಿದವನಲ್ಲ.

ರೋಗದ ಹುಳುಗಳ ಮೈಯಲ್ಲಿ ಸಣ್ಣ ಹೊಳೆಯುವ ಕಣಗಳಿರುವುದನ್ನು ಅವನಿಗಿಂತ ಮುಂಚೆಯೇ ಬೇರೆಯವರು ಕಂಡಿದ್ದರು. ಅದೊಂದು ಪರಾವಲಂಬಿ ಜೀವಿ, ಅದೇ ರೋಗಕ್ಕೆ ಕಾರಣ ಅಂದವರೂ ಇದ್ದರು. ಪಾಶ್ಚರ್ ಮೊದಲು ಅದನ್ನು ಒಪ್ಪಲಿಲ್ಲ. ಕಣ ರೋಗದ ಗುರುತು, ಕಾರಣವಲ್ಲ ಅಂದುಕೊಂಡ. ಆಮೇಲೆ ಇನ್ನೊಂದು ತೊಡಕು ಬಂತು. ಕಣವಿಲ್ಲದ ಚಿಟ್ಟೆಗಳ ಮೊಟ್ಟೆಯನ್ನೇ ಆರಿಸಿ ಸಾಕಿದರೂ ಕೆಲವು ಕಡೆ ಹುಳು ಸತ್ತವು. ಇದನ್ನು ಪರೀಕ್ಷೆಯ ಪ್ರಶ್ನೆಯಾಗಿ ನೋಡಿ. ವಾದ: ಗಂಟುರೋಗಕ್ಕೆ ಕಣವೇ ಕಾರಣ. ಹೊಸ ಸಂಗತಿ: ಕಣವಿಲ್ಲದ ಹುಳುವೂ ಸಾಯುತ್ತಿದೆ. ಇದು ವಾದವನ್ನು ಮುರಿಯುತ್ತದೆಯೇ?

ಮುರಿಯುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಾಗೆ ಅನ್ನಿಸಬೇಕಾದರೆ ನಾವು ಬಾಯಿಬಿಟ್ಟು ಹೇಳದ ಒಂದು ಮಾತನ್ನು ನಂಬಿಕೊಂಡಿರುತ್ತೇವೆ: ಸತ್ತ ಹುಳುಗಳೆಲ್ಲ ಒಂದೇ ರೋಗದಿಂದ ಸತ್ತವು. ಪಾಶ್ಚರ್ ಕೊನೆಗೆ ಕಂಡುಕೊಂಡದ್ದು ಅಲ್ಲಿ ಎರಡು ರೋಗಗಳಿವೆ ಅನ್ನುವುದನ್ನು. ಒಂದು ಗಂಟುರೋಗ, ಇನ್ನೊಂದು ನಾವು ಸಪ್ಪೆರೋಗ ಅನ್ನುವುದು. ಕಣವಿಲ್ಲದೆ ಸತ್ತದ್ದು ಎರಡನೆಯದರಿಂದ. ಊಹೆಯನ್ನು ಹುಡುಕಿ ಅನ್ನುವ ಪ್ರಶ್ನೆ ಬಂದಾಗ ಮಾಡಬೇಕಾದ್ದು ಇದನ್ನೇ. ಆಯ್ಕೆಯನ್ನು ತಿರುಗಿಸಿ ಓದಿ. "ಸತ್ತವೆಲ್ಲ ಒಂದೇ ರೋಗದಿಂದ ಸತ್ತವಲ್ಲ" ಅಂತ ಓದಿದ ಕೂಡಲೇ "ಮುರಿಯುತ್ತದೆ" ಅನ್ನುವ ವಾದ ಕುಸಿದರೆ, ಆ ವಾದ ನಿಂತಿದ್ದದ್ದು ಆ ಊಹೆಯ ಮೇಲೆ. ತಿರುಗಿಸಿದರೂ ವಾದ ನಿಂತೇ ಇದ್ದರೆ ಅದು ಬೇರೇನೋ ಮಾತು, ಊಹೆಯಲ್ಲ.

ಅವನು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. 1866ರಲ್ಲಿ 14 ಬೇರೆ ಬೇರೆ ಮೊಟ್ಟೆ ತಂಡಗಳ ತಾಯಿ ಚಿಟ್ಟೆಗಳನ್ನು ಪರೀಕ್ಷಿಸಿ, ಮುಂದಿನ ವರ್ಷ ಯಾವ ತಂಡದ ಬೆಳೆ ಹೇಗೆ ಬರುತ್ತದೆ ಅಂತ ಮುಂಚೆಯೇ ಬರೆದು, ಲಕೋಟೆಗೆ ಮೊಹರು ಹಾಕಿ, ಸೇಂಟ್ ಇಪೊಲೀತ್ ಎಂಬ ಊರಿನ ಮೇಯರ್ ಕೈಗೆ ಕೊಟ್ಟ. 1867ರಲ್ಲಿ ಬೆಳೆಗಾರರು ತಮ್ಮ ಬೆಳೆಯ ವಿವರ ಕೊಟ್ಟ ಮೇಲೆ ಲಕೋಟೆ ಒಡೆದರು. 14ರಲ್ಲಿ 12 ಅವನು ಬರೆದಂತೆಯೇ ಆಗಿತ್ತು. ಬೆಳೆ ಕೆಟ್ಟ ಮೇಲೆ ಕಾರಣ ಹೇಳುವುದು ಸುಲಭ. ದೃಷ್ಟಿ ಅನ್ನಬಹುದು, ಗಾಳಿ ಅನ್ನಬಹುದು, ಸೊಪ್ಪು ಅನ್ನಬಹುದು, ಎಲ್ಲವೂ ಹೊಂದಿಕೊಳ್ಳುತ್ತವೆ. ಕೆಡುವ ಮುಂಚೆಯೇ ಬರೆದಿಟ್ಟ ಮಾತಿಗೆ ಹಾಗೆ ಹೊಂದಿಕೊಳ್ಳುವ ಅವಕಾಶವಿಲ್ಲ. ಅದು ತಪ್ಪಾಗಬಹುದಿತ್ತು, ಆಗಲಿಲ್ಲ. ಅದಕ್ಕೇ ಅದಕ್ಕೆ ಅಷ್ಟು ತೂಕ. ಎರಡು ಆಯ್ಕೆಗಳೂ ವಾದವನ್ನು ಬಲಪಡಿಸುವಂತೆ ಕಂಡರೆ, ಯಾವುದು ಸುಳ್ಳಾಗುವ ಅಪಾಯ ಹೊತ್ತು ಗೆದ್ದು ಬಂದಿದೆ ಅಂತ ನೋಡಿ.

ಸಮಯದ ಬಗ್ಗೆ ಎರಡೇ ಮಾತು. ಸಿಸ್ಯಾಟ್‌ನಲ್ಲಿ 120 ನಿಮಿಷಕ್ಕೆ 80 ಪ್ರಶ್ನೆ, ಒಂದಕ್ಕೆ ಒಂದೂವರೆ ನಿಮಿಷ. ಅಷ್ಟರಲ್ಲಿ ಇದೆಲ್ಲ ಹೇಗೆ ಸಾಧ್ಯ ಅನ್ನುತ್ತೀರಿ. ಆಯ್ಕೆಗಳನ್ನು ಓದುವ ಮುಂಚೆ ಹತ್ತು ಸೆಕೆಂಡು ಪೆನ್ನು ಕೆಳಗಿಟ್ಟು ಎರಡನೇ ಕಥೆ ಏನಿರಬಹುದು ಅಂತ ಯೋಚಿಸಿ. ಆ ಹತ್ತು ಸೆಕೆಂಡು ಆಮೇಲೆ ಆಯ್ಕೆಗಳ ನಡುವೆ ಅಲೆದಾಡುವ ಒಂದು ನಿಮಿಷವನ್ನು ಉಳಿಸುತ್ತದೆ. ಮೊದಮೊದಲು ನಿಧಾನವಾಗುತ್ತದೆ, ಆಗಲಿ. ದಿನಕ್ಕೆ ಇಪ್ಪತ್ತು ಪ್ರಶ್ನೆ ಬೇಡ, ನಾಲ್ಕು ಸಾಕು. ಆದರೆ ಆ ನಾಲ್ಕರಲ್ಲಿ ತಪ್ಪಾದ ಪ್ರತಿ ಆಯ್ಕೆಯೂ ಯಾಕೆ ಉಂಗುರ ಅಂತ ಒಂದು ಸಾಲು ಕನ್ನಡದಲ್ಲಿ ಬರೆದಿಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಪುಸ್ತಕಗಳ ಬಗ್ಗೆ, ಕಟ್ ಆಫ್ ಬಗ್ಗೆ. ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, ತಮ್ಮ ಮನೆಯಲ್ಲಿ ಈ ಸಲದ ಬೆಳೆ ಪೂರ್ತಿ ಹೋಯಿತು, ಸೊಪ್ಪು ಸರಿ ಇರಲಿಲ್ಲ ಅಂತ ಅಪ್ಪ ಹೇಳುತ್ತಿದ್ದಾರೆ, ಅದು ನಿಜವೋ ಅಲ್ಲವೋ ಹೇಗೆ ತಿಳಿಯುವುದು ಮೇಡಂ ಅಂದಳು.

"ಚಾಕಿ ಎಲ್ಲಿಂದ ತಂದಿರಮ್ಮ?" ಅಂತ ಎಳೆಹುಳುವಿನ ಬಗ್ಗೆ ಕೇಳಿದೆ.

"ಎದುರು ಮನೆಯವರೂ ನಾವೂ ಒಂದೇ ಕಡೆ, ಒಂದೇ ದಿನ ತಂದೆವು ಮೇಡಂ. ಅವರ ಹುಳು ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಿದವು."

"ಹಾಗಾದರೆ ಮೊಟ್ಟೆಯ ಮೇಲಿನ ಅನುಮಾನ ಕಡಿಮೆಯಾಯಿತು. ಅವರು ಹಾಕಿದ ಸೊಪ್ಪು?"

"ಅವರ ತೋಟದ್ದೇ. ನಮ್ಮದಲ್ಲ."

"ಅಂದರೆ ನಿಮ್ಮ ತಂದೆಯವರ ಮಾತಿಗೆ ಸ್ವಲ್ಪ ಬಲ ಬಂತು" ಅಂದೆ.

ಅವಳು ಕೂರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, "ಆದರೆ ಮೇಡಂ, ಅವರ ಹುಳುಮನೆಯೂ ಬೇರೆ ಅಲ್ಲವಾ? ಹೋದ ಬೆಳೆ ಆದಮೇಲೆ ನಮ್ಮದನ್ನು ಸರಿಯಾಗಿ ತೊಳೆದಿರಲಿಲ್ಲ" ಅಂದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಮುಂದುವರಿಸಿದಳು. "ನಮ್ಮ ಸೊಪ್ಪು ಮಿಕ್ಕಿತ್ತು ಅಂತ ಕೆಳಗಿನ ಬೀದಿಯವರು ಕೊಂಡು ಹಾಕಿದ್ದಾರೆ. ಅವರ ಹುಳು ಏನಾಯಿತು ಅಂತ ಇವತ್ತು ಸಂಜೆ ಹೋಗಿ ಕೇಳುತ್ತೇನೆ."